ಕೆಡದೆಯೂ ಸಾಯುವ ಯಂತ್ರಗಳು

ಅಜ್ಜನ ಕಾಲದ ರೇಡಿಯೊವನ್ನು ತಯಾರಿಸಿದ ಕಂಪನಿ ಬಾಗಿಲು ಹಾಕಿದರೂ ರೇಡಿಯೊ ಹಾಡುವುದನ್ನು ನಿಲ್ಲಿಸುತ್ತಿರಲಿಲ್ಲ. ಕೆಟ್ಟರೆ ಪೇಟೆಯ ರಿಪೇರಿಯವನು ಬಿಚ್ಚಿ, ಬೆಸುಗೆ ಹಾಕಿ ಕೊಡುತ್ತಿದ್ದ. ಇಂದು ನಾವು ಮನೆಗೆ ತರುವ ಅನೇಕ ಸಾಧನಗಳದು ಬೇರೆಯೇ ಕಥೆ. ಅವು ಕೆಡದೆಯೂ ಸಾಯಬಲ್ಲವು.

ಅಮೆರಿಕದ 'ರಿವಾಲ್ವ್' ಎಂಬ ಡಬ್ಬಿಯನ್ನೇ ನೋಡಿ. ಮನೆಯ ದೀಪ, ಬೀಗಗಳನ್ನು ಫೋನಿನಿಂದಲೇ ನಿಯಂತ್ರಿಸಲು ನೆರವಾಗುತ್ತಿದ್ದ ಅದರ ಬೆಲೆ ಸುಮಾರು 300 ಡಾಲರ್. ಜೀವಮಾನವಿಡೀ ಸೇವೆ ಎಂಬ ಭರವಸೆ ಬೇರೆ! 2014ರಲ್ಲಿ ಗೂಗಲ್ ಒಡೆತನದ ನೆಸ್ಟ್ ಸಂಸ್ಥೆ ಈ ಕಂಪನಿಯನ್ನು ಕೊಂಡಿತು. 2016ರ ಮೇ ತಿಂಗಳಲ್ಲಿ ಸೇವೆಯನ್ನು ನಿಲ್ಲಿಸಿತು. ಡಬ್ಬಿಯೊಳಗೆ ಒಂದು ತಂತಿಯೂ ಕಡಿದಿರಲಿಲ್ಲ. ಆದರೆ ಅದು ನಡೆಯಬೇಕಾದರೆ ದೂರದಲ್ಲಿದ್ದ ಕಂಪನಿಯ ಕಂಪ್ಯೂಟರ್ ಉತ್ತರ ಕೊಡಬೇಕಿತ್ತು. 'ಜೀವಮಾನ' ಎಂದರೆ ಯಾರದು ಎಂದು ಕೊಳ್ಳುವಾಗ ಯಾರು ತಾನೇ ಕೇಳುತ್ತಾರೆ?

ಕಂಪ್ಯೂಟರಿನದು ನಿಧಾನದ ಸಾವು. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಬೆಂಬಲವನ್ನು ಕೊನೆಗೊಳಿಸಿತು. (ಹೆಸರು ನೋಂದಾಯಿಸಿದ ಮನೆಬಳಕೆದಾರರಿಗೆ ಮಾತ್ರ ಇನ್ನೊಂದು ವರ್ಷದ ರಕ್ಷಣೆ ಎಂದಿತು.) ಮರುದಿನ ಬೆಳಿಗ್ಗೆ ಆ ಕಂಪ್ಯೂಟರುಗಳು ಎಂದಿನಂತೆಯೇ ಶುರುವಾದವು. ಹಾಗಾದರೆ ನಿಂತದ್ದೇನು?

ಕೋಟ್ಯಂತರ ಸಾಲುಗಳ ತಂತ್ರಾಂಶದಲ್ಲಿ ತೂತುಗಳು ಇದ್ದೇ ಇರುತ್ತವೆ. ಪತ್ತೆಯಾದಂತೆಲ್ಲ ಕಂಪನಿ ತೇಪೆ ಕಳಿಸುತ್ತದೆ. 'ಅಪ್‌ಡೇಟ್' ಎಂದು ನಾವು ಗೊಣಗುವುದು ಬಹುಪಾಲು ಇದಕ್ಕೇ. ಬೆಂಬಲ ನಿಂತಿತೆಂದರೆ ತೇಪೆ ಇಲ್ಲ, ತೂತು ಮಾತ್ರ ಉಳಿಯುತ್ತದೆ. ಇಲ್ಲೊಂದು ವಿಚಿತ್ರವಿದೆ. ಹೊಸ ಆವೃತ್ತಿಗೆ ಬಂದ ತೇಪೆಯನ್ನು ಪರೀಕ್ಷಿಸಿದರೆ ಹಳೆಯದರಲ್ಲಿ ತೂತು ಎಲ್ಲಿದೆ ಎಂಬ ಸುಳಿವು ಕಳ್ಳರಿಗೆ ಸಿಗುತ್ತದೆ! 2017ರ ಮೇ ತಿಂಗಳಲ್ಲಿ 'ವಾನಾಕ್ರೈ' ಎಂಬ ಕುತಂತ್ರಾಂಶ ಹಲವು ದೇಶಗಳನ್ನು ಕಾಡಿದಾಗ, 2014ರಲ್ಲೇ ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತುರ್ತಾಗಿ ತೇಪೆ ಕೊಟ್ಟಿತು. ಪ್ರತಿ ಸಲವೂ ಅಂಥ ಕನಿಕರವನ್ನು ನಂಬಿ ಕೂರಲಾಗದು.

ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದಕ್ಕೆ 'ಟಿಪಿಎಂ 2.0' ಎಂಬ ಭದ್ರತಾ ವ್ಯವಸ್ಥೆ ಬೇಕು, ಪ್ರೊಸೆಸರ್ ಕೂಡ ಕಂಪನಿಯ ಪಟ್ಟಿಯಲ್ಲಿರಬೇಕು. ಗಟ್ಟಿಮುಟ್ಟಾದ ಎಷ್ಟೋ ಲ್ಯಾಪ್‌ಟಾಪ್‌ಗಳು ಈ ಪರೀಕ್ಷೆಯಲ್ಲಿ ನಪಾಸು. ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಅಂಥವು ಅಗ್ಗಕ್ಕೆ ಕಂಡರೆ ಕಾರಣ ಇದೂ ಇರಬಹುದು. ಆದ್ದರಿಂದ, ಕಾಲೇಜಿಗೆ ಸೇರುವ ಮಗಳಿಗೆಂದು ಹಳೆಯ ಲ್ಯಾಪ್‌ಟಾಪ್ ಕೊಳ್ಳುವ ತಂದೆತಾಯಂದಿರು ಪರದೆಯ ಅಳತೆ, ವಾರಂಟಿ ಕೇಳುವ ಮುಂಚೆ 'ಇದು ವಿಂಡೋಸ್ 11 ತೆಗೆದುಕೊಳ್ಳುತ್ತದೆಯೇ?' ಎಂದು ಕೇಳಬೇಕು. ಫೋನಾದರೆ 'ಸೆಕ್ಯುರಿಟಿ ಅಪ್‌ಡೇಟ್ ಯಾವ ವರ್ಷದವರೆಗೆ?' ವಾರಂಟಿ ಬೇರೆ, ಇದು ಬೇರೆ. ಬ್ರಿಟನ್ನಿನಲ್ಲಿ ಈ ಅವಧಿಯನ್ನು ಕಂಪನಿಗಳು ಪ್ರಕಟಿಸಲೇಬೇಕೆಂಬ ಕಾನೂನು 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ನಾವಂತೂ ಬಾಯಿಬಿಟ್ಟು ಕೇಳುವುದೇ ಮೇಲು.

ಮನೆಯಲ್ಲಿ ಈಗಾಗಲೇ ಅಂಥ ಕಂಪ್ಯೂಟರ್ ಇದೆಯೇ? ಗುಜರಿಗೆ ಹಾಕಬೇಡಿ. ಬ್ಯಾಂಕ್ ವ್ಯವಹಾರವನ್ನು ಮಾತ್ರ ಅದರಲ್ಲಿ ಮಾಡಬೇಡಿ. ಲಿನಕ್ಸ್ ಎಂಬ ತಂತ್ರಾಂಶದ ಹಲವು ಆವೃತ್ತಿಗಳು ಉಚಿತವಾಗಿ ಸಿಗುತ್ತವೆ, ಹಳೆಯ ಯಂತ್ರಗಳಲ್ಲೂ ಓಡುತ್ತವೆ, ತೇಪೆಗಳೂ ಬರುತ್ತಿರುತ್ತವೆ. ಅದನ್ನು ಹಾಕಿಕೊಳ್ಳುವುದು ಹೈಸ್ಕೂಲಿನ ಹುಡುಗ ಹುಡುಗಿಯರು ರಜೆಯಲ್ಲಿ ತಾವೇ ಮಾಡಬಹುದಾದ ಕೆಲಸ. ಅಪ್ಪ ಅಮ್ಮನ ಫೋಟೊಗಳನ್ನೆಲ್ಲ ಮೊದಲು ಪೆನ್‌ಡ್ರೈವ್‌ಗೆ ನಕಲು ಮಾಡಿಟ್ಟುಕೊಳ್ಳಿ, ಅಷ್ಟೆ.