ಹಾಸುವ ಮೊದಲು ನೆಲವನ್ನು ನೋಡಿ



ಹೊಸೂರು, ಅವಲಪಲ್ಲಿ ಕಡೆಯಿಂದ ನಮ್ಮ ಅಂಗಡಿಗೆ ಬರುವ ಗೃಹಸ್ಥರು ಇತ್ತೀಚೆಗೆ ಹೆಚ್ಚಾಗಿ ವಿಚಾರಿಸುವ ವಸ್ತುವೆಂದರೆ ವಿನೈಲ್ ನೆಲಹಾಸು. ಹಿರಿಯರು ಇದನ್ನು ಇಂದಿಗೂ ಲಿನೋಲಿಯಂ ಎಂದೇ ಕರೆಯುತ್ತಾರೆ. ವಾಸ್ತವದಲ್ಲಿ ಇವೆರಡೂ ಬೇರೆ ಬೇರೆ. ಲಿನೋಲಿಯಂ ಎಂಬುದು ಅಗಸೆ ಎಣ್ಣೆಯಿಂದ ತಯಾರಾಗುವ ವಸ್ತು. ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಎಂಬವರು 1860ರ ದಶಕದಲ್ಲಿ ಅದನ್ನು ಕಂಡುಹಿಡಿದರು. ವಿನೈಲ್ ಎಂಬುದು ಪಿವಿಸಿ ಪ್ಲಾಸ್ಟಿಕ್. ಗ್ರಾನೈಟ್ ಅಥವಾ ಟೈಲ್ಸ್ ಹಾಕಿಸುವಷ್ಟು ಧೂಳು, ಗದ್ದಲ ಇದರಲ್ಲಿಲ್ಲ. ವಯಸ್ಸಾದವರ ಪಾದಕ್ಕೆ ತಣ್ಣಗೂ ಆಗುವುದಿಲ್ಲ. ಇಷ್ಟೆಲ್ಲ ಗುಣವಿದ್ದರೂ ಒಂದು ಮಾತನ್ನು ಗಿರಾಕಿಗಳಿಗೆ ನಾವು ಮೊದಲೇ ಹೇಳಿಬಿಡುತ್ತೇವೆ: ಹಾಸು ಎಷ್ಟೇ ಬೆಲೆಯದ್ದಾಗಿರಲಿ, ಅದರ ಆಯುಷ್ಯ ಇರುವುದು ಕೆಳಗಿನ ನೆಲದಲ್ಲಿ. ಹಳೆಯ ಬಾಕಿ ತೀರಿಸದೆ ಹೊಸ ಖಾತೆ ತೆರೆದರೆ ಅಂಗಡಿ ಎಷ್ಟು ದಿನ ನಡೆದೀತು?

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಇರುವುದು ಸಿಮೆಂಟು ಗಾರೆ ಅಥವಾ ರೆಡ್ ಆಕ್ಸೈಡಿನ ಕೆಂಪು ನೆಲ. ಆ ಕಾಲದಲ್ಲಿ ನೆಲದಡಿ ಪ್ಲಾಸ್ಟಿಕ್ ಹಾಳೆ ಹಾಕಿ ತೇವ ತಡೆಯುವ ರೂಢಿ ಸಾಮಾನ್ಯವಾಗಿ ಇರಲಿಲ್ಲ. ಮಣ್ಣಿನ ಶೀತವು ಆವಿಯಾಗಿ ಗಾರೆಯ ಮೂಲಕ ಸದಾ ಮೇಲೇರುತ್ತಿರುತ್ತದೆ. ನೆಲ ಬರಿದಾಗಿರುವವರೆಗೆ ಅದು ಗಾಳಿಗೆ ಸೇರಿ ಹೋಗುತ್ತದೆ, ನಮಗೆ ತಿಳಿಯುವುದೂ ಇಲ್ಲ. ಮೇಲೆ ವಿನೈಲ್ ಅಂಟಿಸಿದೊಡನೆ ಆ ದಾರಿ ಮುಚ್ಚುತ್ತದೆ. ನೀರಿನಂಶ ಸಿಮೆಂಟಿನ ಕ್ಷಾರದೊಡನೆ ಕೂಡಿ ಅಂಟನ್ನು ಮೆತ್ತಗೆ ಮಾಡುತ್ತದೆ. ಕೆಲವು ತಿಂಗಳಲ್ಲಿ ಅಂಚು ಏಳುತ್ತದೆ, ಗುಳ್ಳೆ ಬರುತ್ತದೆ, ಬೂಷ್ಟು ಹಿಡಿದು ವಾಸನೆ ಹೊರಡುತ್ತದೆ. ಬೂಷ್ಟೂ ಜೀವರಾಶಿಯೇ ಎಂದು ನಂಬುವ ನಾವು, ಅದು ಹುಟ್ಟಲು ನಾವೇ ಜಾಗ ಮಾಡಿಕೊಟ್ಟು ಆಮೇಲೆ ಔಷಧಿ ಹೊಡೆಯುವುದು ಎಷ್ಟರಮಟ್ಟಿಗೆ ಸರಿ?

ತೇವವಿದೆಯೇ ಎಂದು ತಿಳಿಯಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಒಂದೂವರೆ ಅಡಿ ಚದರದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲಿಟ್ಟು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪು ಅಂಟಿಸಬೇಕು. ಕನಿಷ್ಠ 16 ಗಂಟೆ ಬಿಡಬೇಕು. ಎರಡು ದಿನ ಬಿಟ್ಟರೆ ಇನ್ನೂ ಮೇಲು. ಬಿಸಿಲು ಬೀಳುವ ಜಾಗ ಬೇಡ. ತೆಗೆದಾಗ ಹಾಳೆಯ ಒಳಗೆ ಹನಿ ಕಂಡರೆ, ಅಥವಾ ನೆಲ ಕಪ್ಪಾಗಿದ್ದರೆ, ಹಾಸುವ ಕಾಲ ಇನ್ನೂ ಬಂದಿಲ್ಲವೆಂದು ಅರ್ಥ. ಪ್ರತಿ ಕೋಣೆಯಲ್ಲೂ, ಅದರಲ್ಲೂ ಬಚ್ಚಲಿನ ಗೋಡೆಯ ಪಕ್ಕ, ಹೀಗೆ ನೋಡಬೇಕು. ಬೇಸಿಗೆಯಲ್ಲಿ ಒಣಗಿದ್ದ ನೆಲ ಮಳೆಗಾಲದಲ್ಲಿ ಬೆವರುವುದುಂಟು. ಆದ್ದರಿಂದ ಅನುಮಾನವಿದ್ದರೆ ತೇವಮಾಪಕವಿರುವವರನ್ನು ಕರೆಸಿ ಅಳೆಸುವುದು ಉತ್ತಮ.

ಕಳೆದ ಕಾರ್ತಿಕದಲ್ಲಿ ಅವಲಪಲ್ಲಿಯ ಒಂದು ಮನೆಯವರು ಬಂದಿದ್ದರು. ಮಗಳ ನಿಶ್ಚಿತಾರ್ಥಕ್ಕೆ ಉಳಿದಿದ್ದುದು ಹದಿನೈದೇ ದಿನ. ಮನೆಯ ಅಜ್ಜಿ ಕೋಲು ಹಿಡಿದು ನಡೆಯುವವರು. ಒಡೆದ ಗಾರೆಯ ಅಂಚಿಗೆ ಕೋಲು ಸಿಕ್ಕಿ ಎರಡು ಸಲ ಮುಗ್ಗರಿಸಿದ್ದರು. ಹುಡುಗ ಹೇಳಿದ, "ಮಾಮ, ಮೇಲೆ ಹಾಸಿಬಿಟ್ಟರೆ ಏನೂ ಕಾಣುವುದಿಲ್ಲವಲ್ಲ." ನಾವೆಂದೆವು, "ಕಣ್ಣಿಗೆ ಕಾಣುವುದಿಲ್ಲ ನಿಜ. ಅಜ್ಜಿಯ ಕಾಲಿಗೆ ಸಿಗುತ್ತದಪ್ಪ." ಅಂದು ಶೀಟು ಕೊಡದೆ ಪ್ಲಾಸ್ಟಿಕ್ ಹಾಳೆ, ಟೇಪು ಮಾತ್ರ ಕೊಟ್ಟು ಕಳುಹಿಸಿದೆವು. ಬಾಗಿಲ ಕಡೆಯ ಹಾಳೆ ಒಣಗಿತ್ತು; ಬಚ್ಚಲಿನ ಗೋಡೆ ಪಕ್ಕದ ಹಾಳೆಯ ತುಂಬ ಹನಿ. ಅಂದರೆ ದೋಷ ಮಣ್ಣಿನದಲ್ಲ, ನೀರಿನ ಕೊಳವೆಯದು. ಪ್ಲಂಬರ್ ಬಂದು ಅಗೆದಾಗ ಜೋಡಣೆಯೊಂದು ಸೋರುತ್ತಿದ್ದುದು ಸಿಕ್ಕಿತು. ನಿಶ್ಚಿತಾರ್ಥಕ್ಕೆ ಒಡೆದ ಅಂಚನ್ನಷ್ಟೇ ಗಾರೆಯಿಂದ ಸರಿಪಡಿಸಿ, ನೆಂಟರು ಕೂರುವ ಕಡೆ ಜಮಖಾನೆ ಹಾಸಿ, ಅಜ್ಜಿ ಓಡಾಡುವ ದಾರಿಯನ್ನು ಬರಿದಾಗಿ ಬಿಟ್ಟರು. ಬೀಗರು ಯಾರೂ ನೆಲದ ಬಗ್ಗೆ ಚಕಾರವೆತ್ತಲಿಲ್ಲ. ಮಾಘದಲ್ಲಿ ಮತ್ತೆ ಪರೀಕ್ಷಿಸಿದಾಗ ಎರಡೂ ಕಡೆ ಒಣಗಿತ್ತು, ಆಮೇಲೆಯೇ ಹಾಸಿದರು. ಈಗ ಅಜ್ಜಿ ರಾತ್ರಿ ಮಂಚದಿಂದ ಬಚ್ಚಲಿಗೆ ಒಬ್ಬರೇ ಹೋಗಿ ಬರುತ್ತಾರೆ.

ತೇವದ ನಂತರ ನೋಡಬೇಕಾದುದು ಮಟ್ಟ. ಎರಡು ಮೀಟರ್, ಅಂದರೆ ಸುಮಾರು ಆರೂವರೆ ಅಡಿ ಉದ್ದದ ನೇರವಾದ ಅಲ್ಯೂಮಿನಿಯಂ ಪಟ್ಟಿಯನ್ನು ನೆಲದ ಮೇಲಿಟ್ಟು ಎಲ್ಲ ದಿಕ್ಕಿಗೂ ತಿರುಗಿಸಿ ನೋಡಿ. ಪಟ್ಟಿಯ ಕೆಳಗೆ 3 ಮಿಲಿಮೀಟರಿಗಿಂತ ಹೆಚ್ಚು ಸಂದು ಇರಬಾರದು. ಒಂದು ರೂಪಾಯಿಯ ಎರಡು ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟರೆ ಹೆಚ್ಚು ಕಡಿಮೆ ಅಷ್ಟೇ ದಪ್ಪ. ಹಾಸು ತೆಳುವಾದಷ್ಟೂ ಕೆಳಗಿನ ಕಲ್ಲು, ಮರಳಿನ ಕಾಳು, ಟೈಲ್ಸಿನ ಸಂದು ಎಲ್ಲವೂ ದಿನ ಕಳೆದಂತೆ ಮೇಲೆ ಎದ್ದು ತೋರುತ್ತವೆ. ಸುತ್ತಿಗೆಯ ಹಿಡಿಯಿಂದ ನೆಲವನ್ನು ಮೆಲ್ಲಗೆ ತಟ್ಟುತ್ತ ಹೋಗಿ. ಟೊಳ್ಳು ಸದ್ದು ಬಂದ ಕಡೆ ಗಾರೆ ಬಿಟ್ಟುಕೊಂಡಿದೆಯೆಂದು ತಿಳಿದು ಅಷ್ಟನ್ನು ಕಿತ್ತು ಹೊಸದಾಗಿ ತುಂಬಿಸಿ.

ತಗ್ಗು ತುಂಬಲು ಕೆಲವರು ಗೋಡೆಯ ಪುಟ್ಟಿ ಕೊಂಡೊಯ್ಯುತ್ತಾರೆ. ಅದು ಗೋಡೆಗೆ ಮಾಡಿದ ವಸ್ತು, ನೆಲದ ಭಾರ ತಡೆಯದೆ ಪುಡಿಯಾಗುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ನೀರು ತಾಗಿದರೆ ಮೆತ್ತಗಾಗುತ್ತದೆ. ನೆಲಕ್ಕೆಂದೇ ಸಿಗುವ ಸಿಮೆಂಟಿನ ಲೆವೆಲಿಂಗ್ ಪುಡಿಯನ್ನು ಬಳಸಿ. ಮೊದಲು ಪ್ರೈಮರ್ ಬಳಿದು, ಚೀಲದ ಮೇಲೆ ಬರೆದಷ್ಟೇ ನೀರು ಹಾಕಿ ಕಲಸಬೇಕು. ಸುಲಭವಾಗಿ ಹರಿಯಲೆಂದು ನೀರು ಹೆಚ್ಚಿಸಿದರೆ ಬಲ ಕುಗ್ಗುತ್ತದೆ.

ಕೆಂಪು ನೆಲವಿರುವ ಮನೆಯವರಿಗೆ ಇನ್ನೊಂದು ಕೆಲಸವಿದೆ. ನಮ್ಮ ತಾಯಂದಿರು ವರ್ಷಗಟ್ಟಲೆ ಮೇಣ, ಕೊಬ್ಬರಿ ಎಣ್ಣೆ ಹಚ್ಚಿ ಆ ನೆಲವನ್ನು ಕನ್ನಡಿಯಂತೆ ಇಟ್ಟಿರುತ್ತಾರೆ. ಆ ನುಣುಪಿನ ಮೇಲೆ ಅಂಟು ನಿಲ್ಲದು. ಸೋಪಿನ ನೀರಿನಿಂದ ಜಿಡ್ಡು ತೆಗೆದು, ತೊಳೆದು ಒಣಗಿಸಿ, ಮೇಲ್ಮೈಯನ್ನು ಸ್ವಲ್ಪ ಒರಟು ಮಾಡಬೇಕು. ಒಣ ನೆಲವನ್ನು ಯಂತ್ರದಿಂದ ಉಜ್ಜಿದರೆ ಏಳುವ ಧೂಳು ಶ್ವಾಸಕೋಶಕ್ಕೆ ಬಹಳ ಕೆಡುಕು. ನೀರು ಚಿಮುಕಿಸುತ್ತ ಉಜ್ಜಿಸಿ, ಕೆಲಸದವರಿಗೆ ಒಳ್ಳೆಯ ಮಾಸ್ಕ್ ಕೊಡಿಸಿ. ಬಹಳ ಹಳೆಯ ವಿನೈಲ್ ಬಿಲ್ಲೆಗಳು ಮೊದಲೇ ಅಂಟಿದ್ದರೆ ಅವನ್ನು ಕೆರೆಯಲೇಬೇಡಿ. ಹಿಂದಿನ ಕೆಲವು ಬಿಲ್ಲೆಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಬಿರುಕು ತುಂಬುವ ಮೊದಲು ಇರುವೆಯ ಸಾಲಿದೆಯೇ ನೋಡಿ. ಸೀಮೆಎಣ್ಣೆ ಸುರಿಯುವ ಅವಸರ ಬೇಡ; ಅವು ಜಾಗ ಬಿಡಲು ನಾಲ್ಕು ದಿನ ಕಾದರೆ ನಮಗೇನೂ ನಷ್ಟವಿಲ್ಲ.

ಹೊಸದಾಗಿ ಗಾರೆ ಹಾಕಿಸಿದವರು "28 ದಿನ ಆಯಿತು, ಹಾಸಬಹುದೇ?" ಎಂದು ಕೇಳುತ್ತಾರೆ. 28 ದಿನ ಎಂಬುದು ಗಟ್ಟಿಯಾಗುವ ಲೆಕ್ಕ, ಒಣಗುವ ಲೆಕ್ಕವಲ್ಲ. ನೀರುಣಿಸುವುದು ನಿಲ್ಲಿಸಿದ ಮೇಲೆ, ಒಳ್ಳೆಯ ಗಾಳಿಯಿದ್ದರೆ, ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ದಪ್ಪ ಒಣಗುತ್ತದೆ. ಎರಡು ಅಂಗುಲದ ಗಾರೆಗೆ ಎರಡು ತಿಂಗಳಾದರೂ ಬೇಕು. ನಮ್ಮ ಹೊಸೂರಿನ ಸೀಮೆಗೆ ಮುಂಗಾರು, ಹಿಂಗಾರು ಎರಡೂ ಮಳೆ ಬರುವುದರಿಂದ ಚಾತುರ್ಮಾಸದಲ್ಲಿ ಈ ಕೆಲಸ ಹಚ್ಚಿಕೊಳ್ಳದೆ ಸಂಕ್ರಾಂತಿ ಕಳೆದ ಮೇಲೆ ಆರಂಭಿಸುವುದು ಲೇಸು.

ಕೊನೆಗೆ, ಹಾಸು ತಂದು ಅದೇ ಕೋಣೆಯಲ್ಲಿ ಎರಡು ದಿನ ಇಟ್ಟು ಅಲ್ಲಿನ ಹವೆಗೆ ಹೊಂದಿಕೊಳ್ಳಲು ಬಿಡಿ. ಬಾಗಿಲ ಕೆಳಗೆ ಹಾಸಿನ ದಪ್ಪಕ್ಕೆ ಜಾಗವಿದೆಯೇ ನೋಡಿ. ಮೆತ್ತನೆಯ ಪೊರಕೆಯಿಂದ ಗುಡಿಸಿ, ಹಿಂಡಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಅಂಟು ಹಚ್ಚಿಸಿ.

ಮೇಸ್ತ್ರಿಯ ಕೂಲಿ ಗೊತ್ತು ಮಾಡುವಾಗ ಹಾಸುವ ಕೂಲಿ, ನೆಲ ಸಿದ್ಧಪಡಿಸುವ ಕೂಲಿ ಎರಡನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಎರಡನೆಯದನ್ನು ಉಳಿತಾಯವೆಂದು ಬಿಟ್ಟವರು ಮೊದಲನೆಯದನ್ನು ಎರಡು ಸಲ ಕೊಡಬೇಕಾಗಿ ಬರುತ್ತದೆ.