ಹಾಲಿನದೋ ಎಣ್ಣೆಯದೋ, ಕನ್ನಡದಲ್ಲಿ ಹೇಳಿ

ಕರ್ನಾಟಕದಲ್ಲಿ ತಯಾರಾಗುವ ಸರಕುಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು ಎಂದು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಆದೇಶ ಹೊರಡಿಸಿತಲ್ಲ, ಅದಾದ ಕೆಲವು ತಿಂಗಳಿಗೆ ನನಗೊಂದು ಚಿಕ್ಕ ಕೆಲಸ ಬಂತು. ಏಜೆನ್ಸಿಯೊಂದರ ಮೂಲಕ ಬಂದ ಅನುವಾದ. ಒಂದು ಡಬ್ಬಿಯ ಲೇಬಲ್, ಎಲ್ಲ ಸೇರಿ ಹದಿನಾಲ್ಕು ಸಾಲು. ಡಬ್ಬಿಯ ಮೇಲೆ ವೆನಿಲ್ಲಾದ ಎರಡು ದಪ್ಪ ಉಂಡೆಗಳ ಚಿತ್ರ, ಪಕ್ಕದಲ್ಲಿ ಹಾಲು ಸುರಿಯುತ್ತಿರುವ ಚಿತ್ರ. ಬ್ರ್ಯಾಂಡಿನ ಹೆಸರಿನ ಕೆಳಗೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಇಂಗ್ಲಿಷಿನ ಎರಡು ಪದ: ಫ್ರೋಜನ್ ಡೆಸರ್ಟ್.

ನಾನು ಆ ಜಾಗದಲ್ಲಿ 'ಸಸ್ಯದ ಎಣ್ಣೆಯಿಂದ ಮಾಡಿದ ತಣ್ಣನೆಯ ಸಿಹಿ' ಎಂದು ಬರೆದು ಕಳಿಸಿದೆ. ಮಾರನೆಯ ದಿನ ವಾಪಸ್ ಬಂತು. ಜಾಗ ಸಾಲದು, ಎಣ್ಣೆ ಎಂಬ ಮಾತು ಗ್ರಾಹಕರನ್ನು ಹೆದರಿಸುತ್ತದೆ, ಹಾಗಾಗಿ ಇಂಗ್ಲಿಷ್ ಪದವನ್ನೇ ಕನ್ನಡ ಅಕ್ಷರದಲ್ಲಿ ಬರೆಯಿರಿ ಎಂದು. 'ಘನೀಕೃತ ಸಿಹಿತಿನಿಸು' ಎಂದೆ. ಅದು ಪಠ್ಯಪುಸ್ತಕದ ಹಾಗಿದೆ ಎಂದರು (ಈ ಮಾತಿಗೆ ನನ್ನ ತಕರಾರಿಲ್ಲ). ಕೊನೆಗೆ 'ಫ್ರೋಜನ್ ಡೆಸರ್ಟ್' ಎಂದು ಕನ್ನಡ ಲಿಪಿಯಲ್ಲಿ ಟೈಪು ಮಾಡಿ ಕಳಿಸಿದೆ. ದುಡ್ಡು ಬಂತು. ಆದೇಶದ ಪಾಲನೆಯೂ ಆಯಿತು. ಆ ಡಬ್ಬಿ ಕೊಂಡವರಿಗೆ ಮಾತ್ರ ಮೊದಲು ಗೊತ್ತಿಲ್ಲದ್ದು ಈಗಲೂ ಗೊತ್ತಾಗುವುದಿಲ್ಲ.

ಗೊತ್ತಾಗಬೇಕಾದದ್ದು ಇಷ್ಟು. ನಮ್ಮ ದೇಶದ ಆಹಾರ ಕಾನೂನಿನ ಪ್ರಕಾರ ಬರೀ 'ಐಸ್‌ಕ್ರೀಂ' ಎಂದು ಕರೆಸಿಕೊಳ್ಳಲು ಅದರಲ್ಲಿ ಕನಿಷ್ಠ 10% ಹಾಲಿನ ಕೊಬ್ಬು ಇರಬೇಕು. 3.5% ಪ್ರೋಟೀನು, ನೀರಿನಂಶ ಬಿಟ್ಟು ಉಳಿದ ಗಟ್ಟಿ ಪದಾರ್ಥ 36%. ಕೊಬ್ಬು ಕಡಿಮೆ ಇರುವ ಬಗೆಗಳಿಗೆ ಬೇರೆ ಲೆಕ್ಕ, ಬೇರೆ ಹೆಸರು. ಹಾಲಿನ ಕೊಬ್ಬಿನ ಜಾಗದಲ್ಲಿ ಸಸ್ಯದ ಎಣ್ಣೆಯನ್ನೋ ಕೊಬ್ಬನ್ನೋ ಹಾಕಿದರೆ ಅದು ಐಸ್‌ಕ್ರೀಂ ಅಲ್ಲ, ಫ್ರೋಜನ್ ಡೆಸರ್ಟ್. ಹಾಗೆಂದು ಡಬ್ಬಿಯ ಮೇಲೆ ಹೇಳಲೇಬೇಕು. ಒಳ್ಳೆಯ ಕಾನೂನೇ. ಆದರೆ ಯಾವ ಭಾಷೆಯಲ್ಲಿ ಹೇಳಬೇಕು? ಇಂಗ್ಲಿಷಿನಲ್ಲಿ, ಇಲ್ಲವೇ ದೇವನಾಗರಿಯಲ್ಲಿ ಬರೆದ ಹಿಂದಿಯಲ್ಲಿ. ಬೇರೆ ಭಾಷೆಯನ್ನು ಜೊತೆಗೆ ಸೇರಿಸಿಕೊಳ್ಳಲು ಅಡ್ಡಿಯಿಲ್ಲ ಎಂದು ನಿಯಮ ಒಂದು ಬಾಲಂಗೋಚಿ ಸೇರಿಸುತ್ತದೆ. ಅಡ್ಡಿಯಿಲ್ಲ ಎಂದರೆ ಬೇಕಾಗಿಲ್ಲ ಎಂದೇ ವ್ಯಾಪಾರದಲ್ಲಿ ಅರ್ಥ.

ಸಸ್ಯದ ಎಣ್ಣೆ ವಿಷ ಎಂದು ನಾನು ಹೇಳುತ್ತಿಲ್ಲ, ವಾಟ್ಸಾಪಿನಲ್ಲಿ ಓಡಾಡುವ ಆ ಬಗೆಯ ಸಂದೇಶಗಳ ಸಾಲಿಗೆ ಇದನ್ನು ಸೇರಿಸಬೇಡಿ. ಬ್ರಿಟನ್ನಿನಲ್ಲಿ ಸಸ್ಯದ ಕೊಬ್ಬಿನಿಂದ ಮಾಡಿದ್ದನ್ನೂ ಐಸ್‌ಕ್ರೀಂ ಎಂದೇ ಮಾರಬಹುದು, ಜನ ತಿಂದು ಚೆನ್ನಾಗಿಯೇ ಇದ್ದಾರೆ. ಎಣ್ಣೆ ಅಗ್ಗ, ಹಾಲಿನ ಕೊಬ್ಬು ದುಬಾರಿ, ಅಷ್ಟೇ ವಿಷಯ. ಅಗ್ಗದ್ದನ್ನು ಅಗ್ಗದ್ದೆಂದು ತಿಳಿದು ಕೊಂಡರೆ ಯಾರಿಗೂ ನಷ್ಟವಿಲ್ಲ. ಹಾಲಿನ ಚಿತ್ರ ನೋಡಿ ಎಣ್ಣೆ ಕೊಂಡರೆ ನಷ್ಟ.

ಈ ಎರಡರ ನಡುವಿನ ಗೆರೆ ಎಷ್ಟು ಬೆಲೆಬಾಳುತ್ತದೆ ಎಂಬುದು ಕಂಪನಿಗಳಿಗೆ ಚೆನ್ನಾಗಿ ಗೊತ್ತು. 2017ರಲ್ಲಿ ಅಮುಲ್ ತನ್ನ ಜಾಹೀರಾತಿನಲ್ಲಿ, ನಮ್ಮದು ಹಾಲಿನದು, ಫ್ರೋಜನ್ ಡೆಸರ್ಟುಗಳಲ್ಲಿ ಇರುವುದು ವನಸ್ಪತಿ ಎಂಬ ಧಾಟಿಯಲ್ಲಿ ಹೇಳಿತು. ಹಿಂದೂಸ್ತಾನ್ ಯೂನಿಲಿವರ್ ಬಾಂಬೆ ಹೈಕೋರ್ಟಿಗೆ ಹೋಯಿತು. ತಾವು ಬಳಸುವುದು ಸಸ್ಯದ ಎಣ್ಣೆ, ವನಸ್ಪತಿ ಅಲ್ಲ ಎಂಬುದು ಅವರ ವಾದ. ಕೋರ್ಟು ಆ ಜಾಹೀರಾತುಗಳನ್ನು ತಡೆಯಿತು. ನಿಘಂಟು ತೆರೆದರೆ ವನಸ್ಪತಿ ಎಂದರೆ ಗಿಡಮರ. ಅಂಗಡಿಗೆ ಹೋದರೆ ಅದು ಡಾಲ್ಡಾ. ಒಂದೇ ಒಂದು ಪದದ ಎರಡು ಅರ್ಥಗಳ ನಡುವೆ ದೊಡ್ಡ ದೊಡ್ಡ ವಕೀಲರು ಓಡಾಡಿದರು. ಅಷ್ಟು ಬೆಲೆಯ ಪದವನ್ನು ನನ್ನ ಅತ್ತೆಗೆ ಓದಲು ಬರುವ ಭಾಷೆಯಲ್ಲಿ ಬರೆಯಿರಿ ಎಂದರೆ ಜಾಗ ಸಾಲದು!

ನಾನು ಓದಿದ್ದು ಭಾಷಾವಿಜ್ಞಾನ. ಪದದ ಅರ್ಥವನ್ನು ತೀರ್ಮಾನಿಸುವುದು ಬಳಕೆ, ಸರ್ಕಾರವಲ್ಲ, ಪಂಡಿತರೂ ಅಲ್ಲ ಎಂದು ಎಂ.ಎ.ಯ ಮೊದಲ ತರಗತಿಯಲ್ಲೇ ಕಲಿಸಿದ್ದರು, ಅದನ್ನು ನಾನು ಈಗಲೂ ನಂಬುತ್ತೇನೆ. ಕನ್ನಡಿಗರ ಬಾಯಲ್ಲಿ ಐಸ್‌ಕ್ರೀಂ ಎಂದರೆ ತಣ್ಣಗೆ, ಸಿಹಿಯಾಗಿ, ಮೆತ್ತಗೆ ಇರುವ ಎಲ್ಲವೂ. ಹಾಗಾದರೆ ಎಣ್ಣೆಯದ್ದನ್ನೂ ಐಸ್‌ಕ್ರೀಂ ಅನ್ನಲಿ ಬಿಡಿ ಎಂದು ಒಬ್ಬ ಗೆಳೆಯ ನನ್ನ ಮಾತನ್ನೇ ನನಗೆ ತಿರುಗಿಸಿ ಹೇಳಿದ. ಒಂದು ವಾರ ಉತ್ತರ ಹೊಳೆಯಲಿಲ್ಲ. ಉತ್ತರ ಸಿಕ್ಕಿದ್ದು ಪುಸ್ತಕದಲ್ಲಲ್ಲ, ನಾನು ಬಾಡಿಗೆಗಿರುವ ಪೆರಂಬೂರಿನ ಬೀದಿಯಲ್ಲಿ.

ಪೆರಂಬೂರು ಎಂದರೆ ಉತ್ತರ ಚೆನ್ನೈ. ರೈಲು ಡಬ್ಬಿಗಳ ಐ.ಸಿ.ಎಫ್. ಕಾರ್ಖಾನೆ, ರೈಲ್ವೆ ಕ್ವಾರ್ಟರ್ಸ್, ಸ್ವಲ್ಪ ಆಚೆಗೆ ಮಾಧವರಂನ ಹಾಲಿನ ಕಾಲನಿ. ಬೇಸಿಗೆಯಲ್ಲಿ ನಾಲ್ಕು ಗಂಟೆಯ ಹೊತ್ತಿಗೆ ಸೈಕಲ್ಲಿಗೆ ಪೆಟ್ಟಿಗೆ ಕಟ್ಟಿಕೊಂಡ ಒಬ್ಬರು ನಮ್ಮ ಬೀದಿಗೆ ಬರುತ್ತಾರೆ. ಅವರ ಹತ್ತಿರ ಇರುವುದು ಪಾಲ್ ಐಸ್, ಸೇಮಿಯಾ ಐಸ್, ಮಾವಿನ ಐಸ್. ಪಾಲ್ ಎಂದರೆ ಹಾಲು. ಸೇಮಿಯಾ ಐಸಿನ ತುದಿಯಲ್ಲಿ ಬೆಂದ ಶಾವಿಗೆ ಕಚ್ಚಿಕೊಂಡಿರುತ್ತದೆ, ಮೊದಲ ಸಲ ತಿಂದಾಗ ಪಾಯಸ ಹೆಪ್ಪುಗಟ್ಟಿದ ಹಾಗೆ ಅನ್ನಿಸಿತ್ತು. ಇವೆಲ್ಲಕ್ಕೂ ಸೇರಿ ಕುಚ್ಚಿ ಐಸ್ ಎಂಬ ಹೆಸರಿದೆ, ಕಡ್ಡಿ ಐಸ್ ಎಂದು ಅರ್ಥ. ಒಳಗೆ ಏನಿದೆ, ಇಲ್ಲವೇ ಯಾವ ಆಕಾರದಲ್ಲಿದೆ, ಅದೇ ಹೆಸರು. ಒಂದು ದಿನ ಕೇಳಿಯೇಬಿಟ್ಟೆ: "ಅಣ್ಣಾ, ಪಾಲ್ ಐಸಲ್ಲಿ ನಿಜವಾಗಿ ಹಾಲಿದೆಯಾ?"

"ಹಾಲೂ ಇದೆ, ನೀರೂ ಇದೆ ಮಾ. ನೀರೇ ಜಾಸ್ತಿ. ಹತ್ತು ರೂಪಾಯಿಗೆ ಇನ್ನೇನು ಬರುತ್ತೆ?"

ಇಷ್ಟು ಸ್ಪಷ್ಟವಾದ ಪದಾರ್ಥಪಟ್ಟಿ ನಾನು ಯಾವ ಡಬ್ಬಿಯ ಮೇಲೂ ಓದಿಲ್ಲ. ನಮ್ಮ ಕಡೆಯೂ ಹೀಗೆಯೇ ಅಲ್ಲವೆ: ಬೆಲ್ಲದ ಕ್ಯಾಂಡಿ, ಹಾಲಿನ ಕ್ಯಾಂಡಿ. ಬೆಲ್ಲದ ಕ್ಯಾಂಡಿ ಕೇಳಿ ಹಾಲಿನದನ್ನು ಪಡೆದವರು ಯಾರೂ ಇಲ್ಲ. (ಗಡ್‌ಬಡ್ ಈ ನಿಯಮಕ್ಕೆ ಸೇರುವುದಿಲ್ಲ, ಒಪ್ಪುತ್ತೇನೆ. ಆದರೆ ಅದನ್ನು ಎತ್ತರದ ಗಾಜಿನ ಲೋಟದಲ್ಲಿ ಕೊಡುತ್ತಾರೆ. ಜೆಲ್ಲಿ, ಹಣ್ಣು, ಗೋಡಂಬಿ ಎಲ್ಲ ಪದರ ಪದರವಾಗಿ ಕಾಣುತ್ತದೆ. ಲೋಟವೇ ಲೇಬಲ್.) ಗೆಳೆಯನಿಗೆ ನನ್ನ ಉತ್ತರ ಇದು: ಬಳಕೆಯೇ ಅರ್ಥವನ್ನು ಕಟ್ಟುತ್ತದೆ, ಸರಿ. ಹಾಗಾದರೆ ಬೀದಿಯ ಬಳಕೆಯನ್ನೇ ನೋಡು. ಜನ ತಮ್ಮ ನುಡಿಯಲ್ಲಿ ತಾವೇ ಹೆಸರಿಟ್ಟಾಗ ಹಾಲು, ಬೆಲ್ಲ, ಶಾವಿಗೆ ಎಂದು ಒಳಗಿನದನ್ನೇ ಹೇಳಿದ್ದಾರೆ. 'ಫ್ರೋಜನ್ ಡೆಸರ್ಟ್' ಬಳಕೆಯಿಂದ ಬಂದ ಪದವೇ ಅಲ್ಲ. ಯಾವ ಮಗುವೂ ಅಮ್ಮನ ಸೆರಗು ಹಿಡಿದು ಒಂದು ಫ್ರೋಜನ್ ಡೆಸರ್ಟ್ ಕೊಡಿಸು ಎಂದು ಅತ್ತಿಲ್ಲ. ಅರ್ಥವಾಗದಿರುವುದೇ ಆ ಪದದ ಉಪಯೋಗ.

ಬೀದಿಯ ಐಸಿನ ನೀರು ಎಲ್ಲಿಯದು ಎಂದು ಕೇಳಲೇಬೇಕು, ಅದರಲ್ಲಿ ಭಾವುಕತೆ ಬೇಡ. ಕೆಟ್ಟ ನೀರಿನ ಐಸು ಮಕ್ಕಳನ್ನು ಮಲಗಿಸುತ್ತದೆ. ಆದರೆ ನಮ್ಮಂಥ ಓದುಬರಹದವರ ಅನುಮಾನವೆಲ್ಲ ಸೈಕಲ್ಲಿನ ಪೆಟ್ಟಿಗೆಯ ಮೇಲೆ, ನಂಬಿಕೆಯೆಲ್ಲ ಬಣ್ಣದ ಡಬ್ಬಿಯ ಮೇಲೆ. ಇದು ನನ್ನ ಸಿಟ್ಟಿನ ಇನ್ನೊಂದು ಕಾರಣ.

ತೆರಿಗೆ ಇಲಾಖೆಯ ಅನುಮಾನವೂ ಹಾಗೆಯೇ. 2017ರಲ್ಲಿ ಜಿಎಸ್‌ಟಿ ಬಂದಾಗ ಸಣ್ಣ ತಯಾರಕರಿಗೆ ವಹಿವಾಟಿನ ಮೇಲೆ ಒಂದು ಸಣ್ಣ ಪ್ರಮಾಣ ಕಟ್ಟಿ ಮುಗಿಸುವ ಕಾಂಪೊಸಿಷನ್ ಸ್ಕೀಮ್ ತಂದರು. ಅದರಿಂದ ಹೊರಗಿಟ್ಟವರು ಯಾರು? ಪಾನ್ ಮಸಾಲಾ ತಯಾರಕರು, ತಂಬಾಕು ತಯಾರಕರು, ಮತ್ತು 'ಐಸ್‌ಕ್ರೀಂ ಹಾಗೂ ಇತರ ತಿನ್ನುವ ಐಸು' ತಯಾರಕರು. ಇತರ ತಿನ್ನುವ ಐಸು! ಪಾಲ್ ಐಸೂ ಬೆಲ್ಲದ ಕ್ಯಾಂಡಿಯೂ ಆ ಎರಡು ಪದದೊಳಗೆ ಬಿದ್ದು ಗುಟ್ಕಾದ ಪಕ್ಕ ಕೂತವು. 2019ರಲ್ಲಿ ಸರಕು ಮಾರುವವರಿಗೆ ನೋಂದಣಿಯ ಮಿತಿಯನ್ನು 40 ಲಕ್ಷಕ್ಕೆ ಏರಿಸಿದಾಗಲೂ ಈ ಮೂವರಿಗೆ ಅದು ಸಿಗಲಿಲ್ಲ, 20 ಲಕ್ಷದಲ್ಲೇ ಉಳಿಯಿತು. ಲೆಕ್ಕ ಹಾಕಿ: ದಿನಕ್ಕೆ ಸುಮಾರು 5,500 ರೂಪಾಯಿ, ಹತ್ತು ರೂಪಾಯಿಯ 550 ಕಡ್ಡಿ. ನಾಲ್ಕಾರು ಸೈಕಲ್ಲಿನವರಿಗೆ ಐಸು ಮಾಡಿ ಕೊಡುವ ಚಿಕ್ಕ ಶೆಡ್ಡು ಬೇಸಿಗೆಯಲ್ಲಿ ಇದನ್ನು ಸುಲಭವಾಗಿ ದಾಟುತ್ತದೆ. ದೆಹಲಿಯ ಸಣ್ಣ ಐಸ್‌ಕ್ರೀಂ ತಯಾರಕರು ಕೋರ್ಟಿಗೆ ಹೋದರು, ಈ ಹೊರಗಿಡುವಿಕೆಯನ್ನು ಮತ್ತೆ ಪರಿಶೀಲಿಸಿ ಎಂದು 2021ರಲ್ಲಿ ದೆಹಲಿ ಹೈಕೋರ್ಟು ಜಿಎಸ್‌ಟಿ ಮಂಡಳಿಗೆ ಹೇಳಿತು. ಇನ್ನು ದರ 2025ರ ಸೆಪ್ಟೆಂಬರ್ 22ರಿಂದ 18ರಿಂದ 5%ಕ್ಕೆ ಇಳಿದಿದೆ. ಹಾಲಿನದಕ್ಕೂ ಎಣ್ಣೆಯದಕ್ಕೂ ಒಂದೇ. ತೆರಿಗೆಗೆ ಬೇಡವಾದ ವ್ಯತ್ಯಾಸ, ಆಹಾರದ ಕಾನೂನಿಗೆ ಬೇಕು. ಅದನ್ನೂ ಕೊಳ್ಳುವವರಿಗೆ ತಿಳಿಯದ ಭಾಷೆಯಲ್ಲಿ.

ಚಿಕ್ಕವರು ಬೆಳೆಯಲಾರರು ಎಂದಲ್ಲ. ನಮ್ಮ ಪಕ್ಕದ ರಾಯಪುರಂನಲ್ಲಿ ಆರ್.ಜಿ. ಚಂದ್ರಮೋಗನ್ 1970ರಲ್ಲಿ ಒಂದು ಸಣ್ಣ ಜಾಗದಲ್ಲಿ ಕಡ್ಡಿ ಐಸು ಮಾಡಲು ಶುರು ಮಾಡಿದ್ದೇ ಇವತ್ತಿನ ಅರುಣ್ ಐಸ್‌ಕ್ರೀಂ. ಮಂಗಳೂರಿನ ಐಡಿಯಲ್ 1975ರದ್ದು. ಮುಲ್ಕಿ ಕಡೆಯ ರಘುನಂದನ ಕಾಮತರು 1984ರಲ್ಲಿ ಮುಂಬಯಿಯ ಜುಹುವಿನಲ್ಲಿ ನ್ಯಾಚುರಲ್ಸ್ ತೆರೆದರು. ಅವರೆಲ್ಲ ಅಂಗಡಿ ತೆರೆದಾಗ ಪಾನ್ ಮಸಾಲಾದ ಸಾಲಿನಲ್ಲಿ ನಿಲ್ಲಬೇಕಿರಲಿಲ್ಲ.

ಮನೆಯಲ್ಲೇ ಮಾಡಿಕೊಳ್ಳಿ, ಈ ರಗಳೆ ಯಾಕೆ ಎನ್ನುವವರಿದ್ದಾರೆ. ನಾನು ಮಾಡುತ್ತೇನೆ. ಆವಿನ್‌ನ ಕಿತ್ತಳೆ ಬಣ್ಣದ ಪ್ಯಾಕೆಟ್ಟು, 6% ಕೊಬ್ಬಿನ ಗಟ್ಟಿ ಹಾಲು, ಒಂದು ಲೀಟರ್. ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಳಿಸಿ, ನೂರು ಗ್ರಾಂ ಸಕ್ಕರೆ, ಎರಡು ಏಲಕ್ಕಿ. ಆರಿದ ಮೇಲೆ ಫ್ರೀಜರಿಗೆ. ಅರ್ಧ ಗಂಟೆಗೊಮ್ಮೆ ತೆಗೆದು ಫೋರ್ಕಿನಿಂದ ಕೆದಕದಿದ್ದರೆ ಹರಳು ಕಟ್ಟಿ ಗರಗರ ಎನ್ನುತ್ತದೆ. ಪೆರಂಬೂರಿನಲ್ಲಿ ಕರೆಂಟು ಹೋದರೆ ಆ ದಿನ ಅದು ಮಿಲ್ಕ್‌ಶೇಕ್. ಒಮ್ಮೆ ಕುತೂಹಲಕ್ಕೆ ಲೆಕ್ಕ ಹಾಕಿದೆ. ಲೀಟರಿನಲ್ಲಿ ಸುಮಾರು 60 ಗ್ರಾಂ ಕೊಬ್ಬು, ಕೊನೆಗೆ ಉಳಿಯುವುದು ಸಕ್ಕರೆ ಸೇರಿ ಸುಮಾರು 600 ಗ್ರಾಂ. ಅಂದರೆ ಹತ್ತಿರ ಹತ್ತಿರ 10%. ಕಾನೂನು ಕೇಳುವ ಐಸ್‌ಕ್ರೀಂ ನನ್ನ ಅಡುಗೆಮನೆಯಲ್ಲಿ ಒಂದು ಪ್ಯಾಕೆಟ್ ಹಾಲಿಗೆ ಆಗುತ್ತದೆ. ಡಬ್ಬಿಯದರಲ್ಲಿ ಗಾಳಿಯನ್ನೂ ತುಂಬುತ್ತಾರೆ: ಒಂದು ಲೀಟರ್ ಐಸ್‌ಕ್ರೀಂ 525 ಗ್ರಾಂ ತೂಗಿದರೆ ಸಾಕು ಎನ್ನುತ್ತದೆ ನಿಯಮ. ಗಾಳಿ ಬೇಕು, ಇಲ್ಲದಿದ್ದರೆ ನನ್ನದರ ಹಾಗೆ ಚಮಚ ಬಾಗುತ್ತದೆ. ಆದರೂ ಮಿಲಿಲೀಟರಿನಲ್ಲಿ ಅಳೆದು ಕೊಳ್ಳುವಾಗ ಇದು ನೆನಪಿರಲಿ.

ಆದರೆ 'ಮನೆಯಲ್ಲಿ ಮಾಡಿ' ಎಂಬುದು ಉತ್ತರವಲ್ಲ. ಫ್ರಿಜ್ಜು, ಗ್ಯಾಸು, ಮಧ್ಯಾಹ್ನದ ಬಿಡುವು ಇರುವವರ ಉಪದೇಶ ಅದು. ನಮ್ಮ ಬೀದಿಯ ತುದಿಯ ಅಂಗಡಿಯಲ್ಲಿ ಹತ್ತು ರೂಪಾಯಿಯ ಕಪ್ಪು ಕೊಳ್ಳುವವರಿಗೆ ಅದರಿಂದ ಏನೂ ಸಿಗುವುದಿಲ್ಲ. ಅವರಿಗೆ ಬೇಕಾದದ್ದು ಕಪ್ಪಿನ ಮೇಲೆ ಒಂದು ಸಾಲು, ತಮ್ಮ ಅಕ್ಷರದಲ್ಲಿ, ತಮ್ಮ ಪದದಲ್ಲಿ.

ಈಗ ನಮ್ಮವರೊಂದಿಗೆ ಜಗಳ. ಅಂಗಡಿಯ ಫಲಕದಲ್ಲಿ 60% ಕನ್ನಡ ಇರಲಿ ಎಂದು ಬೆಂಗಳೂರಿನಲ್ಲಿ ನಡೆದ ಹೋರಾಟ ನನಗೆ ಬೇಡವಾದದ್ದೇನಲ್ಲ. 2024ರಲ್ಲಿ ಅದು ಕಾನೂನೂ ಆಯಿತು. ಆದರೆ ಫಲಕವನ್ನು ಹಾದುಹೋಗುವಾಗ ನೋಡುತ್ತೇವೆ. ಡಬ್ಬಿಯೊಳಗಿನದನ್ನು ಮಕ್ಕಳಿಗೆ ತಿನ್ನಿಸುತ್ತೇವೆ. ಫಲಕದ ಅಕ್ಷರದ ಅಳತೆಗೆ ಟೇಪು ಹಿಡಿದವರು ಡಬ್ಬಿಯ ಹಿಂಬದಿಯನ್ನು ಒಮ್ಮೆಯಾದರೂ ತಿರುಗಿಸಿ ನೋಡಿದ್ದರೆ, ಕನ್ನಡ ಲಿಪಿಯಲ್ಲಿ ಬರೆದ ಇಂಗ್ಲಿಷು ಅಲ್ಲಿಗೆ ಅಷ್ಟು ಸಲೀಸಾಗಿ ನುಸುಳುತ್ತಿರಲಿಲ್ಲ. ನುಸುಳಿಸಿದ ಕೈಗಳಲ್ಲಿ ನನ್ನದೂ ಒಂದು, ಅದನ್ನು ಮೊದಲೇ ಹೇಳಿದ್ದೇನೆ.

ಇಪ್ಪತ್ತೆರಡು ಭಾಷೆಯಲ್ಲಿ ಮುದ್ರಿಸಲು ಡಬ್ಬಿ ಸಾಲದು ಎಂದು ಉದ್ಯಮದವರು ಹೇಳುತ್ತಾರೆ. ಇಪ್ಪತ್ತೆರಡು ಯಾರೂ ಕೇಳಿಲ್ಲ. ಮಾರುವ ರಾಜ್ಯದ ಒಂದು ಭಾಷೆ, ಎರಡು ವಿಷಯ: ಇದು ಏನು, ಇದರ ಕೊಬ್ಬು ಯಾವುದರದು. 'ಅಡ್ಡಿಯಿಲ್ಲ' ಎಂಬ ಜಾಗದಲ್ಲಿ 'ಕಡ್ಡಾಯ' ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ತಿದ್ದಬೇಕು. ಕರ್ನಾಟಕ ಸರ್ಕಾರ ತನ್ನ ಆದೇಶದಲ್ಲಿ ಕನ್ನಡ ಎಂದರೆ ಕನ್ನಡ ಲಿಪಿಯಷ್ಟೇ ಅಲ್ಲ ಎಂದು ಒಂದು ವಾಕ್ಯ ಸೇರಿಸಬೇಕು.

ಪದ ಯಾವುದು ಎಂದು ಕೇಳುತ್ತೀರಿ. ನನ್ನ 'ಸಸ್ಯದ ಎಣ್ಣೆಯಿಂದ ಮಾಡಿದ ತಣ್ಣನೆಯ ಸಿಹಿ' ಉದ್ದವಾಯಿತು, ನಿಜ. 'ಎಣ್ಣೆ ಐಸ್' ಎಂದರೆ ಕಂಪನಿಯವರಿಗೆ ಹೊಟ್ಟೆನೋವು, ಆದರೆ ಪಾಲ್ ಐಸಿನ ಪಕ್ಕದಲ್ಲಿ ಅದು ಸರಿಯಾಗಿ ಕೂರುತ್ತದೆ. ಹುಬ್ಬಳ್ಳಿಯಲ್ಲಿ, ಕಾಸರಗೋಡಿನಲ್ಲಿ, ಸೊಲ್ಲಾಪುರದಲ್ಲಿ ಇರುವ ಓದುಗರು ನಿಮ್ಮ ಬೀದಿಯಲ್ಲಿ ಐಸಿನವರು ಯಾವ ಯಾವ ಹೆಸರು ಕೂಗುತ್ತಾರೆ ಎಂದು ಈ ಮೇಲ್‌ಗೇ ಉತ್ತರವಾಗಿ ಬರೆಯಿರಿ. ಮುಂದಿನ ಲೇಬಲ್ಲು ಬರುವ ಹೊತ್ತಿಗೆ ನನ್ನ ಹತ್ತಿರ ಒಂದು ಪಟ್ಟಿ ಇರಲಿ.