ಹಳದಿ ದೀಪದ ಅಹವಾಲು

ಸರಕು ಸಾಗಿಸುವ ಸಣ್ಣ ಡೀಸೆಲ್ ಪಿಕಪ್ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪವೊಂದು ಹತ್ತಿಕೊಂಡು ಆರದೆ ನಿಂತರೆ ಏನು ಮಾಡಬೇಕು? ಈ ಪ್ರಶ್ನೆಗೆ ನಮ್ಮ ಊರುಗಳಲ್ಲಿ ಈಗ ಎರಡೇ ಉತ್ತರಗಳು ಚಲಾವಣೆಯಲ್ಲಿವೆ. ದೀಪವನ್ನು ಹೇಗಾದರೂ ಆರಿಸಿಬಿಡುವುದು ಒಂದು. ಅದಕ್ಕೆ ಸಂಬಂಧಪಟ್ಟಿದ್ದೆಂದು ಯಾರೋ ಹೇಳಿದ ದುಬಾರಿ ಭಾಗವನ್ನು ಬದಲಾಯಿಸುವುದು ಇನ್ನೊಂದು. ಮೊದಲನೆಯದನ್ನು ಬೀದಿಬದಿಯ ಗ್ಯಾರೇಜು ಮಾಡಿಕೊಡುತ್ತದೆ, ಎರಡನೆಯದನ್ನು ಕಂಪನಿಯ ಸರ್ವೀಸ್ ಸೆಂಟರು. ದೀಪ ಏನು ಹೇಳುತ್ತಿದೆಯೆಂದು ಓದಿ, ಅದನ್ನು ಗಾಡಿಯ ಒಡೆಯನಿಗೆ ಅವನ ಭಾಷೆಯಲ್ಲಿ ತಿಳಿಸುವ ದಾರಿಯೂ ಒಂದಿದೆ ಎಂಬುದನ್ನು ಇಬ್ಬರೂ ಮರೆತವರಂತೆ ನಟಿಸುತ್ತಾರೆ. ನನ್ನ ತಕರಾರು ಈ ನಟನೆಯ ಮೇಲೆ.

ಕನ್ನಡ ಪಾಠ ಹೇಳುವವನಿಗೆ ಹೊಗೆಕೊಳವೆಯ ಉಸಾಬರಿ ಏಕೆ ಎಂದು ವಾಚಕರು ಕೇಳಬಹುದು. ಇದು ಓದಿನ ವಿಚಾರವಾದದ್ದರಿಂದಲೇ. ಬರೆದದ್ದನ್ನು ಓದದೆ ಅಳಿಸುವವರನ್ನೂ, ಓದಿದ್ದನ್ನು ಹೇಳದೆ ಬಚ್ಚಿಡುವವರನ್ನೂ ಕಂಡು ಸುಮ್ಮನಿರಲು ನನ್ನ ಕಸುಬು ಬಿಡುವುದಿಲ್ಲ.

ಮೊದಲು ಈ ದೀಪದ ಹಿಂದಿರುವ ಸಂಸಾರವನ್ನು ನೋಡೋಣ. ನಮ್ಮ ದೇಶ ಬಿಎಸ್-4ರ ಮೆಟ್ಟಿಲಿನಿಂದ ಐದನೆಯದನ್ನು ಹಾರಿ 2020ರ ಏಪ್ರಿಲ್ 1ರಂದು ನೇರವಾಗಿ ಬಿಎಸ್-6ಕ್ಕೆ ಕಾಲಿಟ್ಟಿತು. ಡೀಸೆಲ್ಲಿನಲ್ಲಿ ಇರಬಹುದಾದ ಗಂಧಕ ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಯಿತು. ಅದರ ಜೊತೆಗೆ ಗಾಡಿಯ ಹೊಟ್ಟೆಯಡಿ ಒಂದು ರಸಾಯನಶಾಲೆಯೇ ಬಂದು ಕುಳಿತಿತು. ಮಸಿಯನ್ನು ಹಿಡಿದಿಡಲು ಜೇನುಗೂಡಿನಂಥ ಜಾಲರಿ. ಗ್ಯಾರೇಜಿನವರು ಡಿಪಿಎಫ್ ಎನ್ನುವುದು ಇದನ್ನೇ. ಅದು ತುಂಬುತ್ತ ಬಂದಾಗ ಎಂಜಿನ್ನು ಸ್ವಲ್ಪ ಹೆಚ್ಚು ಡೀಸೆಲ್ ಸುರಿದು, ಸುಮಾರು 600 ಡಿಗ್ರಿ ಕಾವೇರಿಸಿ, ಮಸಿಯನ್ನು ಸುಟ್ಟುಹಾಕುತ್ತದೆ. ಎಲ್ಲ ಗಾಡಿಗಳಲ್ಲೂ ಇಲ್ಲದಿದ್ದರೂ ಅನೇಕವುಗಳಲ್ಲಿ ಯೂರಿಯಾ ದ್ರಾವಣದ ತೊಟ್ಟಿಯೊಂದು ಬೇರೆ. ಅದರಲ್ಲಿರುವುದು ಶೇಕಡ 32.5 ಯೂರಿಯಾ, ಉಳಿದದ್ದು ಖನಿಜಾಂಶ ತೆಗೆದ ನೀರು. ಬಿಸಿ ಹೊಗೆಗೆ ಸಿಂಪಡಿಸಿದಾಗ ಅದು ಅಮೋನಿಯಾ ಆಗಿ, ಕಣ್ಣಿಗೆ ಕಾಣದೆ ಎದೆಗೆ ಇಳಿಯುವ ಸಾರಜನಕದ ಆಕ್ಸೈಡುಗಳನ್ನು ನಿರಪಾಯಕಾರಿ ಸಾರಜನಕ ಮತ್ತು ನೀರಾಗಿ ಮಾರ್ಪಡಿಸುತ್ತದೆ. ಈ ಕೆಲಸಗಳೆಲ್ಲ ಸರಿಯಾಗಿ ನಡೆದಿವೆಯೇ ಎಂದು ಕಾಯಲು ಸೆನ್ಸರುಗಳಿವೆ. ಲೆಕ್ಕ ತಪ್ಪಿದಾಗ ಗಾಡಿಯ ಗಣಕವು ಒಂದು ಸಂಖ್ಯೆಯನ್ನು ಬರೆದಿಟ್ಟುಕೊಂಡು ದೀಪ ಹಚ್ಚುತ್ತದೆ. ಆ ಗಳಿಗೆಯಲ್ಲಿ ಎಂಜಿನ್ನಿನ ವೇಗವೆಷ್ಟು, ಹೊರೆಯೆಷ್ಟು, ಕಾವೆಷ್ಟು ಎಂಬುದನ್ನೂ ದಾಖಲಿಸಿಡುತ್ತದೆ. ಶ್ಯಾನುಭೋಗರ ಕಡತಕ್ಕಿಂತ ಅಚ್ಚುಕಟ್ಟಾದ ಕಡತ ಅದು. ಅದನ್ನು ಯಾರೂ ಬಿಚ್ಚುವುದಿಲ್ಲ, ಅಷ್ಟೆ.

ನಮ್ಮ ಬಡಾವಣೆಯ ಅಂಗಡಿಗಳಿಗೆ ತರಕಾರಿ ತರುವ ಗಾಡಿಯೊಂದರ ಕಥೆ ಕೇಳಿ. ದೀಪ ಹತ್ತಿತು. ಒಂದು ಗ್ಯಾರೇಜಿನವರು ಸ್ಕ್ಯಾನರು ಚುಚ್ಚಿ, ಗುಂಡಿ ಒತ್ತಿ, ದೀಪ ಆರಿಸಿ ದುಡ್ಡು ಪಡೆದರು. ಮೂರನೆಯ ದಿನ ದೀಪ ಮರಳಿತು. ಇನ್ನೊಬ್ಬರು ಯಾವುದೋ ಸೆನ್ಸರು ಬದಲಾಯಿಸಿದರು; ದೀಪ ಮತ್ತೆ ಮರಳಿತು. ಕೊನೆಗೆ ಕಂಪನಿಯ ಸರ್ವೀಸ್ ಸೆಂಟರು, ಜಾಲರಿಯನ್ನೇ ಬದಲಾಯಿಸಬೇಕೆಂದು ಅಂದಾಜುಪಟ್ಟಿ ಕೊಟ್ಟಿತು. ಅದು ಗಾಡಿಯವನ ಹಲವು ತಿಂಗಳ ಸಾಲದ ಕಂತಿಗೆ ಸಮನಾದ ಮೊತ್ತ. "ಮೇಷ್ಟ್ರೇ, ಎಲ್ಲಾ ಇಂಗ್ಲಿಷಿನಲ್ಲಿದೆ, ಏನು ಹೇಳವ್ರೆ ನೋಡಿ" ಎಂದು ಆತ ಆ ಪಟ್ಟಿಯನ್ನು ನನ್ನ ಕೈಗಿತ್ತ. ಅದರ ಮೂಲೆಯಲ್ಲಿ ಸಣ್ಣದಾಗಿ ಪಿ2453 ಎಂದು ಅಚ್ಚಾಗಿತ್ತು.

ಈ ಸಂಖ್ಯೆಗಳು ಮಂತ್ರರಹಸ್ಯವಲ್ಲ. ಪಿ0, ಪಿ2 ಎಂದು ಆರಂಭವಾಗುವವು ಬಹುಮಟ್ಟಿಗೆ ಎಲ್ಲ ಕಂಪನಿಗಳಿಗೂ ಸಮಾನವಾದ ಅಂತರರಾಷ್ಟ್ರೀಯ ಕಟ್ಟಳೆಗೆ ಒಳಪಟ್ಟವು. ಸ್ಟಿಯರಿಂಗಿನ ಕೆಳಗಿರುವ 16 ಕಾಲಿನ ಸಾಕೆಟ್ಟಿಗೆ ಅಗ್ಗದ ಉಪಕರಣ ಚುಚ್ಚಿದರೂ ಓದಬಹುದು. ಪಿ2453 ಎಂದರೆ, ಜಾಲರಿಯ ಹಿಂದುಮುಂದಿನ ಒತ್ತಡ ಅಳೆಯುವ ಸೆನ್ಸರಿನ ಮಾತು ನಂಬುವಂತಿಲ್ಲ ಎಂದರ್ಥ. ಪಿ2463 ಎಂದರೆ ಜಾಲರಿಯಲ್ಲಿ ಮಸಿ ಕಟ್ಟಿದೆ ಎಂದರ್ಥ. ನಡುವೆ ಇರುವುದು ಒಂದಂಕಿಯ ಅಂತರ. ಹಾಲು ಎಂದು ಬರೆದದ್ದನ್ನು ಹಾಳು ಎಂದು ಓದುವ ಹುಡುಗನಿಗೆ ನಾನು ಅರ್ಧ ಅಂಕ ಕಳೆಯುತ್ತೇನೆ. ಇಲ್ಲಿ ಕಳೆದುಹೋಗುವುದು ಒಂದು ಸಂಸಾರದ ಅನ್ನ. ಆ ಸೆನ್ಸರಿಗೂ ಜಾಲರಿಗೂ ನಡುವೆ ಎರಡು ತೆಳು ಕೊಳವೆಗಳಿರುತ್ತವೆ. ಹಳೆಯ ಮೆಕ್ಯಾನಿಕ್ ಒಬ್ಬರು ಗಾಡಿಯ ಕೆಳಗೆ ಮಲಗಿ ನೋಡಿದಾಗ ಅವುಗಳಲ್ಲಿ ಒಂದು ಕಾವಿಗೆ ಒಣಗಿ ಸೀಳಿತ್ತು. ಕೊಳವೆ ಬದಲಾಯಿಸಿದ ಮೇಲೆ ಅವರು ದೀಪವನ್ನು ಆರಿಸಲೇ ಇಲ್ಲ. "ಓಡಿಸು, ತಾನೇ ಆರುತ್ತೆ" ಎಂದರು.

ಈ ಮಾತು ಗಮನಿಸತಕ್ಕದ್ದು. ದೋಷ ನಿಜವಾಗಿ ನಿವಾರಣೆಯಾದರೆ, ಗಾಡಿ ತನ್ನನ್ನು ತಾನು ಪರೀಕ್ಷಿಸಿಕೊಂಡು, ಒಂದಾದ ಮೇಲೊಂದರಂತೆ ಮೂರು ಓಟಗಳಲ್ಲಿ ತೇರ್ಗಡೆಯಾದ ಮೇಲೆ ದೀಪವನ್ನು ತಾನಾಗಿಯೇ ಆರಿಸುತ್ತದೆ. ಹಾಗೆ ತಾನಾಗಿ ಆರಿದ ದೀಪ ರಿಪೇರಿಗೆ ಸಾಕ್ಷಿ. ಗುಂಡಿ ಒತ್ತಿ ಆರಿಸಿದ ದೀಪ ಏನನ್ನೂ ಸಾಬೀತು ಮಾಡುವುದಿಲ್ಲ. ಕೆಲವು ಪರೀಕ್ಷೆಗಳು ನಿಗದಿತ ಕಾವು, ವೇಗ, ಅವಧಿ ಕೂಡಿಬಂದಾಗ ಮಾತ್ರ ನಡೆಯುವುದರಿಂದ, ಎರಡು ಮೂರು ದಿನ ದೀಪ ಕಾಣದಿರುವುದು ಸಹಜ. ಅಷ್ಟರಲ್ಲಿ ದುಡ್ಡು ಕೈಬದಲಾಗಿರುತ್ತದೆ. ಸಾಲದ್ದಕ್ಕೆ, ಗುಂಡಿ ಒತ್ತಿದೊಡನೆ ಆ ಕಡತವೂ ಅಳಿಸಿಹೋಗಿ, ಮುಂದೆ ಬರುವ ಮೆಕ್ಯಾನಿಕ್ಕಿಗೆ ಆಧಾರವೇ ಇಲ್ಲವಾಗುತ್ತದೆ. ಜ್ವರ ಬಂದವನ ಥರ್ಮಾಮೀಟರನ್ನು ಒಡೆದು ಫೀಸು ಕೇಳುವ ವೈದ್ಯನನ್ನು ನಾವು ಊರೊಳಗೆ ಇಟ್ಟುಕೊಳ್ಳುತ್ತೇವೆಯೇ?

ನಿಜವಾಗಿಯೇ ಮಸಿ ಕಟ್ಟಿದ್ದರೂ ಜಾಲರಿ ಬದಲಾಯಿಸುವುದು ಕಟ್ಟಕಡೆಯ ಮಾತಾಗಬೇಕು. ಮಸಿ ಏಕೆ ಸುಡಲಿಲ್ಲ ಎಂಬುದು ಮೊದಲ ಪ್ರಶ್ನೆ. ಅಂಗಡಿಯಿಂದ ಅಂಗಡಿಗೆ ಅರ್ಧ ಫರ್ಲಾಂಗು ಓಡಿ ನಿಲ್ಲುವ ಗಾಡಿಗೆ ಬೇಕಾದಷ್ಟು ಕಾವೇ ಏರುವುದಿಲ್ಲ. ಸುಡುವ ಕೆಲಸ ಅರ್ಧಕ್ಕೆ ನಿಂತಾಗಲೆಲ್ಲ ಹೆಚ್ಚುವರಿ ಡೀಸೆಲ್ ಎಂಜಿನ್ ಆಯಿಲ್ಲಿಗೆ ಇಳಿದು ಅದನ್ನು ತೆಳ್ಳಗೆ ಮಾಡುತ್ತದೆ. ಆಯಿಲ್ ಮಟ್ಟ ಏರಿದೆಯೆಂದು ಸಂತೋಷಪಡುವ ಚಾಲಕರಿದ್ದಾರೆ, ಪಾಪ. ಅಂಥ ಗಾಡಿಯನ್ನು ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ಸಮನೆ ಓಡಿಸಿದರೆ ಎಷ್ಟೋ ತೊಂದರೆ ತಪ್ಪುತ್ತದೆಂದು ಮಾರುವಾಗ ಯಾರೂ ಹೇಳುವುದಿಲ್ಲ. ಯೂರಿಯಾದ ಕಥೆಯೂ ಹೀಗೆಯೇ. ದ್ರಾವಣ ಕಳಪೆಯಾಗಿದ್ದರೆ ಸಿಂಪಡಿಸುವ ಮೂತಿಯಲ್ಲಿ ಹರಳು ಕಟ್ಟುತ್ತದೆ, ದೀಪ ಹತ್ತುತ್ತದೆ. ಕಾರಣ ತಿಳಿಯದೆ ಸೆನ್ಸರಿನ ಮೇಲೆ ಸೆನ್ಸರು ಹಾಕಿಸಿದರೆ ಪ್ರಯೋಜನವೇನು? ಗೊಬ್ಬರದಂಗಡಿಯ ಯೂರಿಯಾವನ್ನು ನಲ್ಲಿ ನೀರಿನಲ್ಲಿ ಕದಡಿ ತುಂಬುವ ಜಾಣರಿಗೆ ಒಂದು ಮಾತು: ಹೊಲದ ಯೂರಿಯಾಕ್ಕೆ 2015ರಿಂದ ಬೇವಿನೆಣ್ಣೆಯ ಲೇಪ ಕಡ್ಡಾಯವಾಗಿದೆ. ಅದು ರೈತನ ಪಾಲಿನ ವಸ್ತು. ಅದನ್ನು ಗಾಡಿಗೆ ಕುಡಿಸುವುದು ಕಳವೂ ಹೌದು, ಗಾಡಿಗೆ ವಿಷವೂ ಹೌದು.

ಇನ್ನು "ಡಿಲೀಟ್" ಪಂಡಿತರ ವಿಚಾರ. ಜಾಲರಿಯನ್ನು ಕೊರೆದು ತೆಗೆದು, ಗಣಕದ ಕಟ್ಟಳೆಯನ್ನೇ ತಿದ್ದಿ, ದೀಪ ಎಂದೆಂದಿಗೂ ಹತ್ತದಂತೆ ಮಾಡುವ ಕಸುಬು ಇದು. ಬಡವನ ಗಾಡಿ ಓಡಲಿ ಬಿಡಿ, ಒಂದು ಗಾಡಿಯಿಂದ ಆಕಾಶವೇನು ಕಪ್ಪಾಗುವುದಿಲ್ಲ ಎಂಬುದು ಇವರ ವಾದ. ಒಂದೊಂದೇ ಕೂಡಿದರೆ ಎಷ್ಟಾಗುತ್ತದೆಂಬುದಕ್ಕೆ ಪಿಕಪ್ ಗಾಡಿಗಳ ತವರಾದ ಅಮೆರಿಕವೇ ಲೆಕ್ಕ ಕೊಟ್ಟಿದೆ. ಹಿಂದಿನ ಸುಮಾರು ಹತ್ತು ವರ್ಷಗಳಲ್ಲಿ 5.5 ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳಿಂದ ಹೊಗೆ ಶುದ್ಧಿಯ ಸಾಧನಗಳನ್ನು ಕಿತ್ತುಹಾಕಲಾಗಿದೆಯೆಂದು ಅಲ್ಲಿನ ಪರಿಸರ ರಕ್ಷಣಾ ಸಂಸ್ಥೆ 2020ರಲ್ಲಿ ಅಂದಾಜು ಮಾಡಿತು. ಅವು ಉಗುಳುವ ಹೆಚ್ಚುವರಿ ವಿಷ, ನೆಟ್ಟಗಿರುವ 90 ಲಕ್ಷ ಗಾಡಿಗಳನ್ನು ಹೊಸದಾಗಿ ರಸ್ತೆಗಿಳಿಸಿದ್ದಕ್ಕೆ ಸಮವಂತೆ.

ಆದರೆ ಗ್ಯಾರೇಜಿನವನೊಬ್ಬನನ್ನೇ ಕಟಕಟೆಗೆ ಏರಿಸುವವರೊಡನೆಯೂ ನನಗೆ ಜಗಳವಿದೆ. ದೊಡ್ಡವರೇನು ಸಾಚಾಗಳೇ? ಅದೇ ಅಮೆರಿಕದಲ್ಲಿ, 2013ರಿಂದ 2019ರ ಮಾದರಿಯ ಸುಮಾರು 6.3 ಲಕ್ಷ ರ್‍ಯಾಮ್ ಪಿಕಪ್‌ಗಳ ಎಂಜಿನ್ನುಗಳಲ್ಲಿ ಹೊಗೆ ಪರೀಕ್ಷೆಯನ್ನು ವಂಚಿಸುವ ತಂತ್ರವಿತ್ತೆಂಬ ಆರೋಪ ಕಮಿನ್ಸ್ ಕಂಪನಿಯ ಮೇಲೆ ಬಂತು. ತಪ್ಪೊಪ್ಪಿಕೊಳ್ಳದೆಯೇ 167.5 ಕೋಟಿ ಡಾಲರ್ ದಂಡ ತೆರಲು ಆ ಕಂಪನಿ 2023ರ ಡಿಸೆಂಬರಿನಲ್ಲಿ ಸಮ್ಮತಿಸಿತು. ನಮ್ಮಲ್ಲಿ, ಬಿಡಿಭಾಗಗಳನ್ನೂ ದೋಷ ಪತ್ತೆಮಾಡುವ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತದ ಸ್ಪರ್ಧಾ ಆಯೋಗವು 2014ರಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತು. ದಂಡ ಮೇಲ್ಮನವಿಗಳ ಹಾದಿ ಹಿಡಿಯಿತು. ಬೀಗ ಮಾತ್ರ ಪೂರ್ತಿ ತೆರೆಯಲಿಲ್ಲ. ಸಂಖ್ಯೆಯನ್ನು ಯಾರಾದರೂ ಓದಬಹುದು. ಆದರೆ ನಿಂತ ಗಾಡಿಯಲ್ಲೇ ಮಸಿ ಸುಡಿಸಲು, ಹೊಸ ಸೆನ್ಸರನ್ನು ಗಣಕಕ್ಕೆ ಪರಿಚಯಿಸಲು, ಎಷ್ಟೋ ಸಲ ಕಂಪನಿಯದೇ ಉಪಕರಣ ಬೇಕು. ಅದು ಕೈಗೆ ಸಿಗದ ಗ್ಯಾರೇಜಿನವನು ಅಳಿಸುವ ಗುಂಡಿ ಒತ್ತಿದರೆ ಅರ್ಧ ಪಾಪ ಬೀಗ ಹಾಕಿದವರದು.

ನಗರವಾಸಿಗಳಾದ ನಾವೂ ನಿಶ್ಚಿಂತೆಯಿಂದಿದ್ದೇವೆ. ಎಮಿಷನ್ ಟೆಸ್ಟ್ ಮಾಡಿಸಿ ಚೀಟಿ ಇಟ್ಟುಕೊಂಡರೆ ಗಾಡಿ ಶುದ್ಧವೆಂದು ನಮ್ಮ ಭಾವನೆ. ಡೀಸೆಲ್ ಗಾಡಿಗೆ ಮಾಡುವ ಆ ಪರೀಕ್ಷೆ ಅಳೆಯುವುದು ಹೊಗೆಯ ಕಪ್ಪನ್ನು. ಸಾರಜನಕದ ಆಕ್ಸೈಡುಗಳು ಅದರ ಲೆಕ್ಕಕ್ಕೇ ಬರುವುದಿಲ್ಲ. ಯೂರಿಯಾ ವ್ಯವಸ್ಥೆ ಪೂರ್ತಿ ಸತ್ತಿರುವ ಗಾಡಿಯೂ ಆ ಚೀಟಿಯನ್ನು ಧಾರಾಳವಾಗಿ ಪಡೆಯಬಹುದು. ಆ ಸತ್ಯವನ್ನು ಹೇಳುತ್ತಿದ್ದ ಏಕೈಕ ಸಾಕ್ಷಿ ಹಳದಿ ದೀಪ. ಬೆಳಗಿನ ಜಾವ ಮಾರುಕಟ್ಟೆಯ ಓಣಿಯಲ್ಲಿ ಆ ಗಾಡಿಯ ಬೆನ್ನಿಗೆ ನಿಂತು ಮೂಟೆ ಇಳಿಸುವ ಕೂಲಿಯಾಳು ದಿನಕ್ಕೆ ಎಷ್ಟು ಗಂಟೆ ಉಸಿರಾಡುತ್ತಾನೆಂದು ಯಾವ ಚೀಟಿಯಲ್ಲಿಯೂ ಬರೆದಿರುವುದಿಲ್ಲ.

ನಾನು ಕೇಳುವುದು ದೊಡ್ಡ ಸಂಗತಿಯಲ್ಲ. ಹಳದಿ ದೀಪ ಹತ್ತಿದ ಗಾಡಿಯನ್ನು ಯಾವ ಗ್ಯಾರೇಜು ಮುಟ್ಟಲಿ, ಸಣ್ಣದಿರಲಿ ದೊಡ್ಡದಿರಲಿ, ಅಳಿಸುವ ಮೊದಲು ಒಂದು ಚೀಟಿ ಕೊಡಬೇಕು. ಅದರಲ್ಲಿ ಆ ಸಂಖ್ಯೆ, ಅದರ ಅರ್ಥ ಕನ್ನಡದಲ್ಲಿ ಒಂದು ವಾಕ್ಯ, ದೀಪ ಹತ್ತಿದಾಗಿನ ಕಡತ, ಯಾವುದನ್ನು ಪರೀಕ್ಷಿಸಿ ಯಾವುದನ್ನು ಬದಲಾಯಿಸಿದರೆಂಬ ವಿವರ, ಇಷ್ಟಿರಬೇಕು. ಕರ್ನಾಟಕದಲ್ಲಿ ಗಾಡಿ ಮಾರುವ ಕಂಪನಿಗಳು ಆ ವಾಕ್ಯಗಳ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚು ಹಾಕಿ ಗಾಡಿಯ ಜೊತೆಗೇ ಕೊಡಬೇಕು. ಜಾಹೀರಾತಿಗೆ ಅವರಿಗೆ ಕನ್ನಡ ಬರುತ್ತದೆ; ಸಾಲದ ಕಂತಿನ ನೆನಪೋಲೆಗೂ ಬರುತ್ತದೆ.

ಇಂಥ ಯಾಂತ್ರಿಕ ವಿಷಯಗಳಿಗೆ ಕನ್ನಡದಲ್ಲಿ ಶಬ್ದಗಳೆಲ್ಲಿವೆ ಎಂದು ಕೇಳುವವರು ಕೂಡಲೆ ಎದ್ದು ನಿಲ್ಲುತ್ತಾರೆ. ಅವರ ಬೆನ್ನಿಗೇ ನನ್ನ ಕಸುಬಿನವರು ಕೆಲವರು ಎದ್ದು, "ಕಣಶೋಧಕ ಯಂತ್ರಾಂಗ" ಎಂಬಂಥ ಮಾತು ಟಂಕಿಸಿ ಕೇಳುವವನ ಗಂಟಲು ಕಟ್ಟಿಸುತ್ತಾರೆ. ಇಬ್ಬರೂ ಒಂದು ದಿನ ಗ್ಯಾರೇಜಿನ ಬಾಗಿಲಲ್ಲಿ ನಿಂತು ಬರಲಿ. ಆ ಹಳೆಯ ಮೆಕ್ಯಾನಿಕ್ ಗಾಡಿಯ ಕೆಳಗಿನಿಂದ ಕೂಗಿ ಹೇಳಿದ್ದು ಇಷ್ಟು: "ಪ್ರೆಶರ್ ಪೈಪು ಸೀಳಿದೆ ಕಣಪ್ಪಾ, ಜಾಲರಿ ಚೆನ್ನಾಗೇ ಐತೆ." ಗಾಡಿಯವನಿಗೆ ಅದು ಅರ್ಥವಾಯಿತು.